ತುಕ್ಕಿನ ಬಿಸಿ

ಡಿಸೆಂಬರಿನ ಬೆಳಗಿನ ಪ್ರಾರ್ಥನೆಯಲ್ಲಿ ನಮ್ಮ ಭದ್ರಾವತಿಯ ಮಕ್ಕಳು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿರುತ್ತಾರೆ. ಅದನ್ನು ನೋಡಿಯೇ ನಾನು ತರಗತಿಯಲ್ಲಿ ಕೈ ಕಾಯಿಸುವ ಪೊಟ್ಟಣದ ವಿಷಯ ಎತ್ತಿದ್ದು. ಚಳಿ ದೇಶಗಳ ಅಂಗಡಿಗಳಲ್ಲಿ ಸಿಗುವ ಪುಟ್ಟ ಚೀಲ ಅದು. ಹೊರಗಿನ ಹೊದಿಕೆ ಹರಿದರೆ ಸಾಕು, ತಾನಾಗಿಯೇ ಬಿಸಿಯಾಗುತ್ತದೆ. ಒಳಗಿರುವುದು ಕಬ್ಬಿಣದ ಪುಡಿ, ಉಪ್ಪು, ಇದ್ದಿಲು, ಸ್ವಲ್ಪ ನೀರು. ಗಾಳಿ ತಗುಲಿದೊಡನೆ ಕಬ್ಬಿಣ ತುಕ್ಕು ಹಿಡಿಯತೊಡಗುತ್ತದೆ. ಆ ತುಕ್ಕಿನದೇ ಬಿಸಿ.

"ಹಾಗಾದರೆ ನಮ್ಮನೆ ಗೇಟು ಯಾಕೆ ತಣ್ಣಗಿದೆ ಸಾರ್?" ಎಂದಳು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು.

ಗೇಟೂ ಬಿಸಿ ಬಿಡುತ್ತದೆ, ವರ್ಷಗಟ್ಟಲೆ ಕಂತಿನಲ್ಲಿ. ಒಂದು ಗ್ರಾಂ ಕಬ್ಬಿಣ ಪೂರ್ತಿ ತುಕ್ಕಾದರೆ ಹೊರಬರುವ ಶಾಖ ಸುಮಾರು 7 ಕಿಲೋಜೂಲ್. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದೂವರೆ ಡಿಗ್ರಿಗಿಂತ ಹೆಚ್ಚು ಏರಿಸಲು ಅಷ್ಟು ಸಾಕು. ಪುಡಿಗೆ ಗಾಳಿ ತಗುಲುವ ಮೈ ಹೆಚ್ಚು. ಹೀಗಾಗಿ ಅದು ಗಂಟೆಗಳಲ್ಲೇ ಸಾಲ ತೀರಿಸುತ್ತದೆ.

ವಿಜ್ಞಾನ ಪ್ರದರ್ಶನಕ್ಕೆ ಇದನ್ನೇ ಮಾಡುತ್ತೇನೆಂದು ಆಕೆ ಹೊರಟಳು. ತಂದೆ ಲೇತ್ ಕೆಲಸಗಾರರು, ಕಬ್ಬಿಣದ ಸಣ್ಣ ಚೂರುಗಳಿಗೆ ಬರವಿಲ್ಲ. ಉಪ್ಪು, ಇದ್ದಿಲ ಪುಡಿ, ನೀರು ಬೆರೆಸಿ ಥರ್ಮಾಮೀಟರ್ ನೆಟ್ಟೆವು. ಮೊದಲು 24 ಡಿಗ್ರಿ. ಅರ್ಧ ಗಂಟೆಯ ನಂತರವೂ 24. ಪ್ರದರ್ಶನಕ್ಕೆ ಉಳಿದದ್ದು ನಾಲ್ಕೇ ದಿನ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆಗ ನನ್ನ ಬಾಯಿಂದ ಬಂದ ಮಾತು: "45 ಅಂತ ಬರೆದುಬಿಡಮ್ಮ, ಬರಬೇಕಾದ್ದು ಅಷ್ಟೇ." ಆಕೆ ನನ್ನ ಮುಖ ನೋಡಿದಳು. ನೋಟ್ ಪುಸ್ತಕದಲ್ಲಿ 24 ಎಂದೇ ಬರೆದಳು.

ಮಾರನೆಯ ದಿನ ತಂದೆಯೇ ಶಾಲೆಗೆ ಬಂದರು. "ಮೇಷ್ಟ್ರೇ, ತಪ್ಪು ನಂದು. ಲೇತಲ್ಲಿ ಬಿದ್ದ ಚೂರಿಗೆಲ್ಲ ಎಣ್ಣೆ ಅಂಟಿರುತ್ತೆ. ತುಕ್ಕು ಹಿಡೀಬಾರದು ಅಂತ ನಾವು ಎಣ್ಣೆ ಹಚ್ಚಲ್ವಾ?" ತುಕ್ಕು ತಡೆಯುವ ವಿಧಾನಗಳನ್ನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆಸಿದವನು ನಾನು! ಸೋಪಿನ ಪುಡಿ, ಬಿಸಿನೀರು ಹಾಕಿ ಎರಡು ಸಲ ತೊಳೆದು, ಅರದಿಂದ ಉಜ್ಜಿದ ನುಣುಪು ಪುಡಿಯನ್ನೂ ಸೇರಿಸಿದೆವು. ಇಪ್ಪತ್ತು ನಿಮಿಷದಲ್ಲಿ 33 ಡಿಗ್ರಿ. 45 ಬರಲೇ ಇಲ್ಲ.

ನಂತರವೇ ನಿಜವಾದ ಪ್ರಯೋಗ. ಅದೇ ಮಿಶ್ರಣವನ್ನು ಚುಮುಚುಮು ಬೆಳಗಿನಲ್ಲೊಮ್ಮೆ, ನಡುಮಧ್ಯಾಹ್ನದಲ್ಲೊಮ್ಮೆ ಮಾಡಿದಳು. ಬೆಳಗಿನದು ನಿಧಾನ, ಮಧ್ಯಾಹ್ನದ್ದು ಚುರುಕು. ಉಷ್ಣತೆ ಹತ್ತು ಡಿಗ್ರಿ ಏರಿದರೆ ಅನೇಕ ರಾಸಾಯನಿಕ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. "ಚಳಿಯಲ್ಲಿ ನಿಧಾನವಾಗೋ ಪೊಟ್ಟಣ ಚಳಿಗೆ ಯಾಕೆ ಸಾರ್?" ಎಂದು ಮತ್ತೆ ಕೇಳಿದಳು. ಒಳ್ಳೆಯ ಪ್ರಶ್ನೆ. ಅದಕ್ಕೇ ಅದನ್ನು ಜೇಬಿನೊಳಗೆ, ಕೈಗವಸಿನೊಳಗೆ ಇಡುವುದು. ಮೈಶಾಖ ಮೊದಲು ಅದನ್ನು ಕಾಯಿಸುತ್ತದೆ, ಆಮೇಲೆ ತನ್ನ ಬಿಸಿಯಿಂದ ತಾನೇ ಚುರುಕಾಗುತ್ತದೆ.

ನಮ್ಮೂರಲ್ಲಿ ಇದಕ್ಕೊಂದು ಹಿನ್ನೆಲೆಯೂ ಇದೆ. ಕೆಮ್ಮಣ್ಣುಗುಂಡಿಯ ಕೆಂಪು ಅದಿರು ಎಂದರೆ ಆಕ್ಸಿಜನ್ ಜೊತೆ ಕೂಡಿಕೊಂಡ ಕಬ್ಬಿಣ, ತುಕ್ಕಿನ ಹತ್ತಿರದ ನೆಂಟ. 1923ರಲ್ಲಿ ಇಲ್ಲಿನ ಕಾರ್ಖಾನೆಯ ಕುಲುಮೆ ಹೊತ್ತಿದಾಗ, ಮಲೆನಾಡಿನ ಕಟ್ಟಿಗೆಯ ಇದ್ದಿಲು ಉರಿಸಿ ಆ ಆಕ್ಸಿಜನ್ನನ್ನು ಬಿಡಿಸಿದ್ದರು. ಅಂದು ಕುಲುಮೆಯಲ್ಲಿ ಕೊಟ್ಟ ಶಾಖದಲ್ಲಿ ಒಂದು ಪಾಲನ್ನೇ ಪೊಟ್ಟಣದ ಕಬ್ಬಿಣ ಮರಳಿಸುವುದು.

ಪ್ರದರ್ಶನದ ಚಾರ್ಟಿನಲ್ಲಿ ಆಕೆ 24, 24, 24 ಎಂಬ ಮೊದಲ ಸಾಲನ್ನೂ ಬರೆದಿದ್ದಳು. ತೀರ್ಪುಗಾರರು ಹೆಚ್ಚು ಹೊತ್ತು ನಿಂತು ಪ್ರಶ್ನೆ ಕೇಳಿದ್ದು ಅದರ ಬಗ್ಗೆಯೇ. ಬಹುಮಾನ ಬೇರೆ ಶಾಲೆಗೆ ಹೋಯಿತು.

ಮನೆಯಲ್ಲಿ ಮಾಡುವವರಿಗೆ ಎರಡು ಮಾತು. ಪಾತ್ರೆ ತಿಕ್ಕುವ ಹೊಳೆಯುವ ಸ್ಟೀಲ್ ನಾರು ನಡೆಯುವುದಿಲ್ಲ, ಅದು ತುಕ್ಕು ಹಿಡಿಯದ ಉಕ್ಕು. ಮರಕ್ಕೆ ಪಾಲಿಶ್ ಮಾಡುವವರ ಬಳಿ ಇರುವ ಕಬ್ಬಿಣದ ನಾರನ್ನು ಐದು ನಿಮಿಷ ವಿನಿಗರ್‌ನಲ್ಲಿ ನೆನೆಸಿ, ಹಿಂಡಿ, ಥರ್ಮಾಮೀಟರ್ ಬುರುಡೆಗೆ ಸುತ್ತಿ, ಲೋಟದೊಳಗಿಟ್ಟು ಬಾಯಿ ಮುಚ್ಚಿ. ಹತ್ತಿರದಲ್ಲಿ ಬೆಂಕಿ ಬೇಡ, ಒಣಗಿದ ನಾರು ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಬಂದ ಅಂಕಿಯನ್ನು ಐದು ನಿಮಿಷಕ್ಕೊಮ್ಮೆ ಬರೆದಿಡಿ.