ರಾಜ್ಯಗಳನ್ನು ಗಣಕಯಂತ್ರವು ತೂಗಬಲ್ಲುದೆ?

ಒಂದು ದೇಶದ ಆಡಳಿತದ ಗುಣದೋಷಗಳನ್ನು ಅರಿಯಬೇಕಾದರೆ ಅದನ್ನು ಇತರ ದೇಶಗಳ ಆಡಳಿತದೊಡನೆ ಹೋಲಿಸಿ ನೋಡಬೇಕು. ಗ್ರೀಸಿನ ಅರಿಸ್ಟಾಟಲನೂ ಅವನ ಶಿಷ್ಯರೂ 158 ರಾಜ್ಯಪದ್ಧತಿಗಳ ವಿವರಗಳನ್ನು ಸಂಗ್ರಹಿಸಿದರೆಂದು ಪ್ರತೀತಿ. ಆದರೆ ಅಷ್ಟು ರಾಜ್ಯಗಳ ಹತ್ತಾರು ಲಕ್ಷಣಗಳನ್ನು ಒಂದರೊಡನೊಂದು ಕೂಡಿಸಿ ನೋಡುವುದು ಮನುಷ್ಯನ ನೆನಪಿಗೆ ಮೀರಿದ ಕೆಲಸ. ಗಣಕಯಂತ್ರಕ್ಕೆ ಅದು ಸುಲಭಸಾಧ್ಯ. 1963ರಲ್ಲಿ ಪ್ರಕಟವಾದ ಗ್ರಂಥವೊಂದರಲ್ಲಿ ಆರ್ಥರ್ ಬ್ಯಾಂಕ್ಸ್ ಮತ್ತು ರಾಬರ್ಟ್ ಟೆಕ್ಸ್‌ಟರ್ ಎಂಬ ಅಮೆರಿಕದ ವಿದ್ವಾಂಸರು 115 ದೇಶಗಳನ್ನು 57 ಲಕ್ಷಣಗಳ ಪ್ರಕಾರ ವಿಂಗಡಿಸಿ, ಯಾವ ಲಕ್ಷಣವು ಯಾವುದರ ಜೊತೆಗೆ ಕಂಡುಬರುತ್ತದೆಂಬುದನ್ನು ಗಣಕಯಂತ್ರದಿಂದಲೇ ವಾಕ್ಯರೂಪದಲ್ಲಿ ಅಚ್ಚುಮಾಡಿಸಿದರು.

ಈ ಸಾಧನೆ ಅಲ್ಪವಲ್ಲ. ಆದರೂ ಯಂತ್ರದಿಂದ ಬಂದ ಮಾತ್ರಕ್ಕೆ ಉತ್ತರವು ಪ್ರಶ್ನಾತೀತವೆಂದು ಭಾವಿಸುವುದು ತರವಲ್ಲ. ಇಂಥ ಅಧ್ಯಯನಗಳಿಗೆ ಬಹುಕಾಲ ಆಧಾರವಾಗಿ ಬಂದ 'ಪಾಲಿಟಿ' ಎಂಬ ಅಂಕಪಟ್ಟಿಯನ್ನೇ ನೋಡಿ. ಅದರ ಮಾನದಂಡವು −10ರಿಂದ +10ರವರೆಗೆ. ಸ್ವಿಟ್ಜರ್ಲೆಂಡಿಗೆ ಅದರಲ್ಲಿ 1848ರಿಂದಲೇ ಪೂರ್ಣಾಂಕ. ಆದರೆ ಆ ದೇಶದ ಸ್ತ್ರೀಯರಿಗೆ ರಾಷ್ಟ್ರಮಟ್ಟದಲ್ಲಿ ಮತದಾನದ ಹಕ್ಕು ದೊರೆತದ್ದು 1971ರಲ್ಲಿ! ಭಾರತದ ಸ್ತ್ರೀಯರಾದರೋ 1951–52ರ ಪ್ರಥಮ ಮಹಾಚುನಾವಣೆಯಲ್ಲಿಯೇ ಮತ ನೀಡಿದ್ದರು. ಎಣಿಕೆಯಲ್ಲೇನೂ ತಪ್ಪಿಲ್ಲ. ಆಳುವವರನ್ನು ಆರಿಸುವ ಬಗೆ ಯಾವುದು, ಅವರ ಅಧಿಕಾರಕ್ಕೆ ಅಂಕೆಯುಂಟೆ, ವಿರೋಧಿಗಳಿಗೆ ಸ್ಪರ್ಧಿಸಲು ಅವಕಾಶವುಂಟೆ ಎಂದು ಪಟ್ಟಿಯನ್ನು ರಚಿಸಿದವರು ಕೇಳಿದರು; ಪ್ರಜೆಗಳಲ್ಲಿ ಎಷ್ಟು ಮಂದಿಗೆ ಮತವಿದೆ ಎಂಬುದನ್ನು ಅಂಕಕ್ಕೆ ಸೇರಿಸಲಿಲ್ಲ. ಕೇಳದ ಪ್ರಶ್ನೆಗೆ ಯಾವ ಯಂತ್ರವೂ ಉತ್ತರ ಕೊಡಲಾರದು.

ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿರುವ 'ವಿ-ಡೆಮ್' ಸಂಸ್ಥೆಯ ಕ್ರಮವು ಇದಕ್ಕಿಂತ ವಿಸ್ತಾರವಾದುದು. ಅದು ಮತದಾನದ ಹಕ್ಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಒಂದೇ ಪ್ರಶ್ನೆಯನ್ನು ಹಲವು ತಜ್ಞರ ಮುಂದಿಟ್ಟು, ಅವರ ಭಿನ್ನಾಭಿಪ್ರಾಯಗಳನ್ನು ಗಣಕಯಂತ್ರದಿಂದ ತೂಗಿ ನೋಡಿ, ಅಂಕದ ಜೊತೆಗೆ ಅದರ ಅನಿಶ್ಚಯದ ಮಿತಿಯನ್ನೂ ಪ್ರಕಟಿಸುತ್ತದೆ. ಇದು ಪ್ರಾಮಾಣಿಕ ಮಾರ್ಗ. ಆದರೂ 2021ರಲ್ಲಿ ಈ ಸಂಸ್ಥೆಯು ಭಾರತವನ್ನು 'ಚುನಾವಣೆಯುಳ್ಳ ನಿರಂಕುಶಪ್ರಭುತ್ವ'ಗಳ ವರ್ಗಕ್ಕೆ ಸೇರಿಸಿದಾಗ ನಮ್ಮಲ್ಲಿ ತೀವ್ರವಾದ ವಾಗ್ವಾದವೆದ್ದಿತು. ಇಂಥ ತೀರ್ಪನ್ನು ಎತ್ತಿಹಿಡಿಯುವವರೂ ಅಲ್ಲಗಳೆಯುವವರೂ ಮೊದಲು ಅದರ ಪ್ರಶ್ನಾವಳಿಯನ್ನು ಓದುವುದು ಒಳ್ಳೆಯದು.

ವಿದ್ಯಾರ್ಥಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ದೇಶಗಳ ಅಂಕಪಟ್ಟಿ ಕೈಗೆ ಬಂದಾಗ ಯಾವ ದೇಶ ಮೇಲೆ, ಯಾವುದು ಕೆಳಗೆ ಎಂದು ಹುಡುಕುವ ಮುನ್ನ, ಏನನ್ನು ಎಣಿಸಿದ್ದಾರೆ, ಏನನ್ನು ಬಿಟ್ಟಿದ್ದಾರೆ, ಉತ್ತರ ಕೊಟ್ಟವರು ಯಾರು ಎಂದು ವಿಚಾರಿಸಿರಿ. ರಾಜ್ಯಶಾಸ್ತ್ರವನ್ನು ಓದುವವರು ಗಣಿತಕ್ಕೆ ಅಂಜದಿರಲಿ. ಗಣಕಯಂತ್ರವನ್ನು ಬಲ್ಲವರು ಇತಿಹಾಸವನ್ನು ಕಡೆಗಣಿಸದಿರಲಿ. ಈ ಇಬ್ಬರೂ ಕೂಡಿದಲ್ಲಿ ಮಾತ್ರ ರಾಜ್ಯಗಳ ತುಲನೆಯು ಶಾಸ್ತ್ರವೆನಿಸಿಕೊಂಡೀತು.