ಮಾರುವ ಮುನ್ನ ಒಂದು ಲೆಕ್ಕ



ಹೊಸ ಮನೆ ಕಟ್ಟಿಸಿದೊಡನೆ ಅಜ್ಜನ ಕಾಲದ ಮರದ ಸಾಮಾನು ನಮಗೆ ಹೊರೆಯಾಗಿ ಕಾಣುತ್ತದೆ. ಗುಜರಿಯವನು ಬಾಗಿಲಿಗೆ ಬಂದರೆ ಅವನು ಹೇಳಿದ ಬೆಲೆಗೇ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಇಂಗ್ಲೆಂಡಿನಲ್ಲಿ ಹಾಗಿಲ್ಲ. ಹೊಸ ಮನೆಯವರೂ 1950-60ರ ದಶಕದ ತೇಗದ ಬೀರು, ಮೇಜುಗಳನ್ನು ಹುಡುಕಿ ಕೊಳ್ಳುತ್ತಾರೆ. ಯುದ್ಧಕಾಲದಲ್ಲಿ ಮರ ಸಾಲದೆ 1942ರಲ್ಲಿ ಅಲ್ಲಿನ ಸರ್ಕಾರ ಪೀಠೋಪಕರಣಗಳಿಗೆ ಕೆಲವೇ ಮಾದರಿಗಳನ್ನು ಗೊತ್ತುಮಾಡಿತ್ತು. ಆ ಯೋಜನೆ 1952ರವರೆಗೂ ನಡೆಯಿತು. ಕೊರತೆ ಕಂಡವರು ಮರದ ಬೆಲೆ ಬಲ್ಲರು.

ನಮ್ಮಲ್ಲೂ ಕೊರತೆ ಇದೆ. ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯ ಕನ್ನಡ ಊರುಗಳನ್ನೇ ನೋಡೋಣ. ದಿಂಬಂ ಘಾಟಿಯ 27 ತಿರುವು ಹತ್ತಿ ಬಂದರೆ ಸುತ್ತಲೂ ಕಾಡು. ಆದರೆ ತಮಿಳುನಾಡಿನ 1994ರ ಕಾನೂನು ಬೀಟೆ ಮರವನ್ನು ಸ್ವಂತ ಜಮೀನಿನಲ್ಲೂ ಅನುಮತಿಯಿಲ್ಲದೆ ಕಡಿಯದಂತೆ ತಡೆಯಿತು. 2013ರಲ್ಲಿ ಸತ್ಯಮಂಗಲದ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಆಗಬೇಕಾದದ್ದೇ ಆಯಿತು. ಅಂದಮೇಲೆ ಅಂಥ ಮನೆಯಲ್ಲಿ ಉಳಿದಿರುವ ಬೀಟೆಯ ಗಲ್ಲಾಪೆಟ್ಟಿಗೆಗೆ ಬದಲಿ ಎಲ್ಲಿಂದ ತರೋಣ? ಅದನ್ನು ಕಳೆದುಕೊಂಡು ಹೊಸದು ಬೇಕೆಂದರೆ ಇನ್ನೊಂದು ಮರ ಉರುಳಬೇಕು. ಹಳೆಯದನ್ನು ಉಳಿಸಿಕೊಳ್ಳುವುದೂ ಅಹಿಂಸೆಯೇ.

ಉಳಿಸುವ ಬಗೆಯಲ್ಲೂ ಎಚ್ಚರ ಬೇಕು. ಬಡಗಿಗಳು ಬಳಿಯುವ ಸ್ಪಿರಿಟ್ ಪಾಲಿಶ್ ಅರಗಿನಿಂದ ಆದದ್ದು. ಅರಗಿನ ಹಿಂದೆ ಅಸಂಖ್ಯ ಕೀಟಗಳ ಸಾವಿದೆ. ಅದರ ಬದಲು ಅಗಸೆ ಎಣ್ಣೆಯನ್ನು ತೆಳುವಾಗಿ ಉಜ್ಜಿಸೋಣ. ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿಡಬಾರದು, ತಾನೇ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಬೇಕು. ಕಾಲುಗಳ ಕೆಳಗೆ ಕಲ್ಲಿಟ್ಟು, ಗೋಡೆಯಿಂದ ನಾಲ್ಕು ಬೆರಳು ದೂರವಿಟ್ಟರೆ ತೇವ ತಗಲದು. ಗೆದ್ದಲು ಬಾರದಿದ್ದರೆ ಅದನ್ನು ಕೊಲ್ಲುವ ಮಾತೂ ಇಲ್ಲ.

ವಿದೇಶದಲ್ಲಿರುವ ಮಕ್ಕಳಿಗೆ ಕಳುಹಿಸುವ ಆಸೆಯಿದ್ದರೆ ಮೊದಲೇ ವಿಚಾರಿಸಿರಿ. 2017ರ ಜನವರಿ 2ರಿಂದ ಬೀಟೆ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿದೆ.

ಅಣ್ಣತಮ್ಮಂದಿರು ಪಾಲಾಗುವಾಗ ಚಿನ್ನ ತೂಗುತ್ತೇವೆ, ಜಮೀನು ಅಳೆಯುತ್ತೇವೆ. ಗಲ್ಲಾಪೆಟ್ಟಿಗೆಯನ್ನು ಮಾತ್ರ ಸೌದೆಯ ಲೆಕ್ಕಕ್ಕೆ ಬಿಡುತ್ತೇವೆ. ವ್ಯಾಪಾರಸ್ಥರಾದ ನಾವು ಮತ್ತೆ ಸಿಗದ ಸರಕನ್ನು ಅಗ್ಗಕ್ಕೆ ಮಾರಬಹುದೇ? ಯಾರ ಮನೆಯಲ್ಲಿ ಅದಕ್ಕೆ ದಿನವೂ ಕೆಲಸವಿದೆಯೋ ಅವರಿಗೆ ಸೇರಲಿ. ಮಕ್ಕಳ ಪುಸ್ತಕವೇ ಆಗಲಿ, ಅಂಗಡಿಯ ರಸೀತಿಯೇ ಆಗಲಿ, ಅದರೊಳಗಿರಲಿ. ಬಳಸುವ ಮರ ಬಾಳುತ್ತದೆ.