ಒದೆಯದ ಫಿರಂಗಿ ಯಾರ ಬಳಿ ಇರಬೇಕು?

1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಖೇಮಕರಣ್ ವಲಯದಲ್ಲಿ, ಪೈರಿನ ಮರೆಯಲ್ಲಿ ಜೀಪು ನಿಲ್ಲಿಸಿಕೊಂಡು ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್‌ಗಳನ್ನು ಹೊಡೆದವರು ಹವಾಲ್ದಾರ್ ಅಬ್ದುಲ್ ಹಮೀದ್. ಎಷ್ಟು ಟ್ಯಾಂಕ್ ಎಂಬ ಲೆಕ್ಕ ಒಬ್ಬೊಬ್ಬರ ಬರಹದಲ್ಲಿ ಒಂದೊಂದು. ಜೀಪಿನ ಮೇಲಿದ್ದ ತೋಪಿನ ಬಗ್ಗೆ ಮಾತ್ರ ತಕರಾರಿಲ್ಲ. ಅದು ಎಂ-40 ಎಂಬ 106 ಎಂಎಂ ಆರ್‌ಸಿಎಲ್ (ರಿಕಾಯಿಲ್‌ಲೆಸ್, ಅಂದರೆ ಹಿಂದಕ್ಕೆ ಒದೆಯದ) ಗನ್. ಟ್ಯಾಂಕಿನಂತೆ ಅದರ ವಿನ್ಯಾಸವೂ ಅಮೆರಿಕದ್ದೇ.

ಈ ಜಾತಿಯ ಹಳೆಯ ತೋಪುಗಳನ್ನು ಹುಡುಕಿ ಕೂಡಿಡುವವರು ಅಮೆರಿಕ, ಬ್ರಿಟನ್‌ಗಳಲ್ಲಿ ಇದ್ದಾರೆ. ಟ್ಯಾಂಕ್ ಒಡೆಯಲೆಂದೇ ಹುಟ್ಟಿದ ವಸ್ತು ಖಾಸಗಿಯವರ ಶೆಡ್ಡಿನಲ್ಲಿ ಇರಬಹುದೇ ಎಂಬ ಜಗಳವೂ ಅಷ್ಟೇ ಹಳೆಯದು. ಅದರಲ್ಲಿ ಯಾರ ಪಕ್ಷ ಹಿಡಿಯುವ ಮೊದಲೂ ತೋಪಿನ ಹಿಂಬದಿಗೆ ಹೋಗಿ ನಿಂತು ನೋಡಬೇಕು.

ಮಾಮೂಲಿ ಫಿರಂಗಿ ಗುಂಡನ್ನು ಮುಂದಕ್ಕೆ ದೂಡಿದಷ್ಟೇ ಬಲವಾಗಿ ತಾನು ಹಿಂದಕ್ಕೆ ಒದೆಯುತ್ತದೆ. ಆ ಒದೆತ ತಾಳಲು ಭಾರವಾದ ಗಾಡಿ ಬೇಕು. ಮೊದಲ ಮಹಾಯುದ್ಧಕ್ಕೂ ಮುಂಚೆ ಅಮೆರಿಕದ ನೌಕಾಪಡೆಯ ಕ್ಲೀಲ್ಯಾಂಡ್ ಡೇವಿಸ್ ಇದಕ್ಕೊಂದು ಒರಟು ಉಪಾಯ ಕಂಡುಹಿಡಿದರು: ಗುಂಡು ಮುಂದಕ್ಕೆ ಹಾರುವಾಗ ಗ್ರೀಸು, ಸೀಸದ ಚೂರುಗಳ ಅಷ್ಟೇ ತೂಕ ಹಿಂದಕ್ಕೆ ಹಾರುತ್ತಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಆ ಕೆಲಸವನ್ನು ಅನಿಲಕ್ಕೇ ವಹಿಸಿದರು. ಎಂ-40 ಗನ್ನಿನ ತೋಟೆಯ ಮೈತುಂಬ ತೂತುಗಳು. ಮದ್ದು ಉರಿದಾಗ ಅನಿಲ ಅಲ್ಲಿಂದ ನುಗ್ಗಿ, ನಳಿಗೆಯ ಹಿಂತುದಿಯಾದ ಬ್ರೀಚ್‌ನ ಕಿಂಡಿಗಳಿಂದ ಹಿಂದಕ್ಕೆ ಹೊರಬೀಳುತ್ತದೆ. ಒದೆತಕ್ಕೆ ಒದೆತ ಸಮ. ಹಾಗಾಗಿ ಈ ಗನ್ನಿನ ತೂಕ ಸುಮಾರು 210 ಕಿಲೋ; ಅದೇ ಗಾತ್ರದ ನಳಿಗೆಯ ಹೊವಿಟ್ಜರ್ ಸಾಮಾನ್ಯವಾಗಿ ಎರಡು ಟನ್ ದಾಟುತ್ತದೆ. ಅಂದಹಾಗೆ, ಹೆಸರಿನಲ್ಲಿ 106 ಇದ್ದರೂ ನಳಿಗೆ ಇರುವುದು 105 ಎಂಎಂ. ಅದಕ್ಕೂ ಹಿಂದಿನ, ಕೈಕೊಟ್ಟ 105 ಗನ್ನಿನ ಗುಂಡುಗಳ ಜೊತೆ ಇದರವು ಕಲೆಯದಿರಲೆಂದು ಒಂದು ಅಂಕಿ ಏರಿಸಿದರು.

ಸಂಗ್ರಾಹಕರ ವಾದ ಗಟ್ಟಿಯಾಗುವುದು ಇಂಥ ವಿವರಗಳಲ್ಲೇ. ಎಂ-40ರ ನೆತ್ತಿಯ ಮೇಲೊಂದು ಸಣ್ಣ ಗುರಿಬಂದೂಕು ಕೂತಿರುತ್ತದೆ. ಗುರಿ ಎತ್ತಿ ಇಳಿಸುವ ಚಕ್ರದ ನಡುವಿನ ಗುಬುಟು ಎಳೆದರೆ ಅದು ಸಿಡಿಯುತ್ತದೆ. ಅದರ ಗುಂಡು ತಗುಲಿದಲ್ಲಿ ಹೊಗೆ ಕಂಡಿತೋ, ಗುರಿ ಸರಿ. ಆಗ ಅದೇ ಗುಬುಟು ಒತ್ತಿದರೆ ದೊಡ್ಡ ತೋಪು. ಮ್ಯೂಸಿಯಂಗಳಲ್ಲಿ ಇಂಥ ಬಿಡಿಭಾಗಗಳೇ ಮೊದಲು ಕಳೆದುಹೋಗುವುದು, ಹಸಿರು ಬಣ್ಣ ಬಳಿದ ಕೊಳವೆಯೊಂದು ಮಳೆಗೆ ನೆನೆಯುತ್ತ ಉಳಿಯುತ್ತದೆ. ಸಂಗ್ರಾಹಕನೋ ಕಳೆದ ಗುಬುಟಿಗಾಗಿ ವರ್ಷಗಟ್ಟಲೆ ಅಲೆಯುವ ಆಸಾಮಿ. 1950ರ ದಶಕದಲ್ಲಿ ಫ್ರೆಂಚರು ವೆಸ್ಪಾ ಸ್ಕೂಟರಿಗೆ 75 ಎಂಎಂ ಗನ್ ಕಟ್ಟಿದ್ದರು. ಅದರಲ್ಲಿ ಅಸಲಿ ಯಾವುದು, ಆಮೇಲೆ ಕೊಳವೆ ಸಿಕ್ಕಿಸಿದ್ದು ಯಾವುದು ಎಂದು ಹೇಳಬಲ್ಲವರೂ ಇವರೇ.

ಎದುರು ಪಕ್ಷದ ಮಾತೂ ಹಗುರಲ್ಲ. ಯಾವ ಗುಣದಿಂದ ಈ ತೋಪು ಸೈನಿಕನಿಗೆ ಬೇಕಾಯಿತೋ ಅದೇ ಪೊಲೀಸರ ತಲೆನೋವು: ಹಗುರ, ಸರಳ, ಯಾವ ಗಾಡಿಯ ಮೇಲೂ ಕೂರುತ್ತದೆ. ಮರುಭೂಮಿಯ ಅಂತರ್ಯುದ್ಧಗಳಲ್ಲಿ ಪಿಕಪ್ ಟ್ರಕ್ಕುಗಳ ಬೆನ್ನ ಮೇಲೆ ಇದನ್ನು ಜಗತ್ತು ನೋಡಿಯಾಗಿದೆ. ಇನ್ನು ಹಳೆಯ ಮದ್ದಿನ ಭಯ. ಅಮೆರಿಕದ ಬೆಟ್ಟಗಳಲ್ಲಿ ಹಿಮರಾಶಿಯನ್ನು ಮೊದಲೇ ಕೆಡವಲು 106 ಗನ್ ಬಳಸುತ್ತಿದ್ದರು. ಗುಂಡು ನಳಿಗೆಯೊಳಗೇ ಸಿಡಿದ ಅವಘಡಗಳ ನಂತರ ಅದನ್ನು ಕೈಬಿಟ್ಟರು. ತರಬೇತಾದವರ ಕೈಯಲ್ಲೇ ಹೀಗಾದರೆ ಹವ್ಯಾಸಿಗಳ ಪಾಡೇನು?

ಕಾನೂನುಗಳು ಒಂದೊಂದು ದಾರಿ ಹಿಡಿದಿವೆ. ಅಮೆರಿಕದಲ್ಲಿ ನೋಂದಾಯಿಸಿ 200 ಡಾಲರ್ ತೆರಿಗೆ ಕಟ್ಟಿದರೆ ಜೀವಂತ ತೋಪನ್ನೇ ಇಟ್ಟುಕೊಳ್ಳಬಹುದು. ಆದರೆ ಸ್ಫೋಟಕ ತುಂಬಿದ ಪ್ರತಿ ಗುಂಡಿಗೂ ಬೇರೆ ನೋಂದಣಿ, ಬೇರೆ ತೆರಿಗೆ. ಬ್ರಿಟನ್ನಿನಲ್ಲಿ ನಿಷ್ಕ್ರಿಯಗೊಳಿಸಿ ಪ್ರಮಾಣಪತ್ರ ಪಡೆದರೆ ಸರಿ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಟ್ಯಾಂಕ್ ನಿರೋಧಕ ಆಯುಧಗಳನ್ನು ಹೆಸರಿಸಿಯೇ ನಿಷೇಧಿತ ಪಟ್ಟಿಗೆ ಸೇರಿಸಿದೆ.

ಭಾರತದ ಮಟ್ಟಿಗೆ ಈ ನಿಷೇಧ ಸರಿ ಎಂದೇ ನನ್ನ ಅನಿಸಿಕೆ. ಅಮೆರಿಕದ ವ್ಯವಸ್ಥೆ ನಡೆಯುವುದು ಕಟ್ಟುನಿಟ್ಟಿನ ದಾಖಲೆಯ ಬಲದಿಂದ. ಇಲ್ಲಿ ಪಿಸ್ತೂಲಿನ ಪರವಾನಗಿ ಕಡತಗಳನ್ನು ನೆಟ್ಟಗಿಟ್ಟರೇ ದೊಡ್ಡದು. ನಿಷ್ಕ್ರಿಯಗೊಳಿಸುವ ಬ್ರಿಟಿಷ್ ದಾರಿ ಹೆಚ್ಚು ನ್ಯಾಯದ್ದು ಅನ್ನಿಸುತ್ತದೆ, ಆದರೆ ಅಲ್ಲೊಂದು ಸಿಕ್ಕಿದೆ. ಬೇರೆ ಫಿರಂಗಿಯ ಬಾಯಿಗೆ ಬೆಸುಗೆ ಹಾಕಿದರೂ ಅದರ ಕಥೆ ಅರ್ಥವಾಗುತ್ತದೆ. ಆರ್‌ಸಿಎಲ್ ಗನ್ನಿನ ಕಥೆಯೆಲ್ಲ ಬ್ರೀಚ್‌ನಲ್ಲಿದೆ. ಅದನ್ನೇ ಬೆಸೆದುಬಿಟ್ಟರೆ ನೋಡುವವರಿಗೆ ಉಳಿಯುವುದು ಬರೀ ಕೊಳವೆ.

ಈ ಸಿಕ್ಕು ಬಿಡಿಸಲು ದಾರಿಯಿದೆ. ತೋಪಿನ ಪಕ್ಕೆ ಸೀಳಿ ಒಳಗನ್ನು ತೋರಿಸುವ ಪದ್ಧತಿ ಸೇನಾ ತರಬೇತಿಯಲ್ಲಿ ಹಿಂದಿನಿಂದಲೂ ಇದೆ. ಹಾಗೆ ಸೀಳಿದ ತೋಪು ಮತ್ತೆ ಹಾರಿಸಲು ಬಾರದು. ತೂತಿನ ತೋಟೆ, ಕಿಂಡಿ ಎಲ್ಲವೂ ಕಾಣುತ್ತವೆ. ಇದು ವಿರೂಪ ಎಂದು ಸಂಗ್ರಾಹಕರು ರೇಗುತ್ತಾರೆ. ಎಂ-40ರ ವಿಷಯದಲ್ಲಿ ಆ ಸಿಟ್ಟು ನನಗೆ ಒಪ್ಪಿಗೆಯಿಲ್ಲ, ಹತ್ತಾರು ಸೇನೆಗಳು ಬಳಸಿದ ಗನ್ ಅದು, ಒಂದೆರಡನ್ನು ಸೀಳಿದರೆ ಇತಿಹಾಸಕ್ಕೆ ನಷ್ಟವಿಲ್ಲ. ಡೇವಿಸ್ ತೋಪಿನಂಥ ಅಪರೂಪದ್ದಕ್ಕೆ ಗರಗಸ ಇಡುವ ಮಾತು ಬಂದರೆ ಮಾತ್ರ ನಾನೂ ಸಂಗ್ರಾಹಕರ ಕಡೆಗೆ. ಅದನ್ನು ಬೀಗ ಹಾಕಿ ಕಾಯುವ ಖರ್ಚು ಯಾರು ಹೊರಬೇಕು ಎಂಬ ಪ್ರಶ್ನೆಗೆ ಆಗ ಅವರೇ ಉತ್ತರ ಕೊಡಬೇಕಾಗುತ್ತದೆ.